ಗೋಡೆ ಕಡೆಯ ತೂತುಗಳು

ಮೊನ್ನೆ ನಮ್ಮ ಸೊಸೆ ಸುಮ ಹೊಸೂರಿನ ನರ್ಸರಿಯೊಂದರಿಂದ ಪ್ಲಾಸ್ಟಿಕ್ ಕುಂಡ ತಂದಳು. ಮೈತುಂಬ ತೂತು. ತಳದಲ್ಲೊಂದು ತೂತಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಇದಕ್ಕೆ ಪಕ್ಕದಲ್ಲೆಲ್ಲ ಸಾಲುಸಾಲು. "ಹೊಸ ಥರದ್ದಂತೆ ಅತ್ತೆ, ಬೇರಿಗೆ ಒಳ್ಳೇದಂತೆ" ಅಂದಳು. ಗುಲಾಬಿ ನೆಟ್ಟು ಒಂದು ಚೊಂಬು ನೀರು ಹುಯ್ದದ್ದೇ ತಡ, ಪಕ್ಕದ ತೂತುಗಳಿಂದ ಕೆಂಪು ನೀರು ಜಿನುಗಿ ವರಾಂಡದ ಟೈಲ್ಸ್ ಮೇಲೆಲ್ಲ ಹರಿಯಿತು. ಒದ್ದೆ ಕೆಮ್ಮಣ್ಣಿನ ವಾಸನೆ ಎದ್ದಿತು. ಜನ ಆ ವಾಸನೆಯನ್ನು ಬಾಯ್ತುಂಬ ಹೊಗಳುತ್ತಾರೆ. ನಾನು ಎದ್ದು ಒಳಗೆ ಹೋಗಿ ಕೂತುಕೊಂಡೆ.

ಹೊಸ ಥರದ್ದಂತೆ! ಇಂಥ ಕುಂಡವನ್ನು ನಾನು ನಲವತ್ತು ವರ್ಷಕ್ಕೂ ಹಿಂದೆ ಕಂಡವಳು. ಕಂಡವಳೇನು, ಅದನ್ನು ಹಾಳು ಮಾಡಿದವಳೇ ನಾನು. ಇದನ್ನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೂ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.

ನನ್ನನ್ನು ಸೂಳಗಿರಿ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನನ್ನ ಗಂಡ ಬೆಳಿಗ್ಗೆ ಬಸ್ಸು ಹತ್ತಿ ಹೊಸೂರಿನ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಮ್ಮ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಮಾವಿನ ಕಸಿ ಕಟ್ಟುವವರು. ಓಟೆ, ಅಂದರೆ ಮಾವಿನ ಗೊರಟು, ಹಾಕಿ ಕುಂಡದಲ್ಲಿ ಸಸಿ ಎಬ್ಬಿಸುವುದು, ವರ್ಷ ಕಳೆದ ಮೇಲೆ ಕುಂಡವನ್ನು ತಾಯಿಮರದ ಪಕ್ಕಕ್ಕೆ ಎತ್ತಿ ಇಟ್ಟು, ಸಸಿಯನ್ನೂ ಮರದ ಕೊಂಬೆಯನ್ನೂ ಸೇರಿಸಿ ಕಟ್ಟುವುದು, ಎರಡೂ ಬೆಸೆದುಕೊಂಡ ಮೇಲೆ ಕತ್ತರಿಸಿ ಕೊಡುವುದು. ಮಾತು ಕಮ್ಮಿ. ಊಟಕ್ಕೆ ಬಡಿಸಿದರೆ ಉಪ್ಪಿದೆಯೋ ಇಲ್ಲವೋ ಅಂತಲೂ ಹೇಳುತ್ತಿರಲಿಲ್ಲ. ನಾನೋ, ಬಾಯಿ ಬಡುಕಿ. ಒಬ್ಬಳೇ ಮಾತಾಡಿಕೊಂಡು ಒಬ್ಬಳೇ ನಗುತ್ತಿದ್ದೆ.

ಮಾವ ಮಾತಾಡುತ್ತಿದ್ದದ್ದು ಬೇರಿನ ವಿಷಯಕ್ಕೆ ಮಾತ್ರ. ಒಂದು ಸಲ ಸೀಳು ಬಿಟ್ಟ ಕುಂಡದಲ್ಲಿದ್ದ ಸಸಿ ಉಳಿದೆಲ್ಲಕ್ಕಿಂತ ಗಟ್ಟಿಮುಟ್ಟಾಗಿ ಬಂದದ್ದನ್ನು ನೋಡಿ, ಒಡೆದು ಬೇರು ಬಿಡಿಸಿ ನೋಡಿದ್ದರಂತೆ. ಆಗಿನಿಂದ ಅದೇ ಧ್ಯಾನ. "ಬೇರು ದಡ್ಡಂದು ಕಣಮ್ಮ" ಅನ್ನುತ್ತಿದ್ದರು. "ಗೋಡೆ ಸಿಕ್ಕುದ್ರೆ ಗೋಡೆ ಸುತ್ಕಂಡೇ ಓಯ್ತದೆ. ಅದೇ ತೂತು ಸಿಕ್ಕಿ ಗಾಳಿ ತಾಕುದ್ರೆ ತುದಿ ಒಣಗಿ ಅಲ್ಲೇ ನಿಂತ್ಕತದೆ. ಆಗ ಇಂದ್ಗಡೆಯಿಂದ ಅತ್ತಾರು ಮರಿಬೇರು ಒಡೀತವೆ. ನಾಳೆ ಮರ ಇಡ್ಕಳೋವು ಅವೇಯ."

ಪಕ್ಕದೂರಿನ ಕುಂಬಾರ ಚಿನ್ನಪ್ಪನ ಹತ್ತಿರ ಹೋಗಿ ಸುತ್ತಲೂ ತೂತಿರುವ ಕುಂಡ ಮಾಡಿಕೊಡು ಅಂತ ಕೇಳಿದರು. ಚಿನ್ನಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ ದೇವುಡಾ! ನೀರು ನಿಲ್ಲಂಗೆ ಮಾಡು ಅನ್ನೋರ್ನ ಕಂಡಿವ್ನಿ, ಸೋರಂಗೆ ಮಾಡು ಅನ್ನೋನು ನೀನೊಬ್ನೇ ಕಣಣ್ಣ. ನಮ್ಮಪ್ಪ ಇದ್ದಿದ್ರೆ ನನ್ನ ಕೈ ಮುರೀತಿದ್ದ." ಆದರೂ ಮಾಡಿಕೊಟ್ಟ. ಹಸಿ ಮಣ್ಣಿಗೆ ಕಡ್ಡಿ ಚುಚ್ಚಿ ತೂತು ಮಾಡಿ, ಸುಟ್ಟು, ಗಾಡಿಯಲ್ಲಿ ಹುಲ್ಲು ಮುಚ್ಚಿ ತಂದ. ತೂತು ಮಡಕೆ ತನ್ನ ಕೈಯದ್ದು ಅಂತ ದಾರಿಯಲ್ಲಿ ಯಾರಿಗೂ ಗೊತ್ತಾಗಬಾರದಲ್ಲ.

ಹಿತ್ತಲ ಗೋಡೆಗೆ ಒರಗಿಸಿ ಕುಂಡಗಳನ್ನು ಸಾಲಾಗಿ ಜೋಡಿಸಿದರು. ನೀರು ಹಾಕುವ ಕೆಲಸ ನನ್ನದು. ಮಳೆಗಾಲ, ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂತು ನೋಡಿ, ನನ್ನ ಕರ್ಮ ಶುರುವಾಯಿತು. ಸಾದಾ ಕುಂಡಕ್ಕೆ ಬೆಳಿಗ್ಗೆ ಹಾಕಿದರೆ ಮಾರನೇ ದಿನದವರೆಗೆ ಚಿಂತೆಯಿಲ್ಲ. ಈ ಕುಂಡಗಳು ಮಧ್ಯಾಹ್ನಕ್ಕೆಲ್ಲ ಒಣಗಿ ಬಾಯಿ ಬಿಡುತ್ತಿದ್ದವು. ಬಾವಿಯಲ್ಲಿ ನೀರು ತಳ ಸೇರಿತ್ತು. ಸೇದಿ, ತಲೆ ಮೇಲೆ ಸಿಂಬೆ ಇಟ್ಟು ಕೊಡ ಹೊತ್ತು, ದಿನಕ್ಕೆ ಎರಡು ಸರದಿ. ರಟ್ಟೆ ಬಿದ್ದು ಹೋಗುತ್ತಿತ್ತು. ಬಾಯಿ ಬಡುಕಿ ಅಂತ ಹೇಳಿದೆನಲ್ಲ, ಆಗುವುದಿಲ್ಲ ಮಾವ ಅನ್ನುವ ಒಂದು ಮಾತು ಮಾತ್ರ ಆ ಬಾಯಿಂದ ಬರಲಿಲ್ಲ.

ಒಂದು ದಿನ ಕೆರೆಯಿಂದ ಒಂದು ಮಂಕರಿ ಜೇಡಿಮಣ್ಣು ತಂದೆ. ಮಾವ ತೋಟದಲ್ಲಿದ್ದರು. ಗೋಡೆ ಕಡೆ ಇದ್ದ ತೂತುಗಳಿಗೆಲ್ಲ ಹೆಬ್ಬೆರಳಿಂದ ಒತ್ತಿ ಒತ್ತಿ ಮೆತ್ತಿದೆ. ಮುಂದಿನ ತೂತು ಹಾಗೇ ಬಿಟ್ಟೆ. ಮಾವನಿಗೆ ಮಂಡಿ ನೋವು, ಬಗ್ಗಿ ಹಿಂದೆ ನೋಡುವವರಲ್ಲ. ನೀರು ಅರ್ಧಕ್ಕರ್ಧ ಉಳಿಯಿತು, ಒಂದೇ ಸರದಿ ಸಾಕಾಯಿತು. ಮೊದಲ ಮಳೆ ಬೀಳುತ್ತಲೇ ಕಡ್ಡಿಯಿಂದ ಚುಚ್ಚಿ ಜೇಡಿಯನ್ನೆಲ್ಲ ಕಿತ್ತು ಹಾಕಿದೆ. ಕಳ್ಳತನವನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ ನೋಡಿ!

ಸಸಿಗಳು ಹಸುರಾಗಿ ನಳನಳಿಸಿದವು. ನೀರು ನಿಂತಿತ್ತಲ್ಲ, ನಳನಳಿಸದೆ ಏನು? ಮಾವ ಬಂದವರಿಗೆಲ್ಲ ತೋರಿಸಿ, "ನಮ್ಮ ಸೊಸೆ ಕೈಗುಣ" ಅಂದರು. ಉಪ್ಪಿನ ಬಗ್ಗೆ ಬಾಯಿ ಬಿಡದ ಮನುಷ್ಯ! ನಾನು ಉಬ್ಬಿಹೋದೆ. ಆ ಮಾತು ಕೇಳಿದ ಮೇಲೆ ಇನ್ನು ಹೇಳುವುದೆಲ್ಲಿ ಬಂತು. ಮುಂದಿನ ಬೇಸಿಗೆಯೂ ಮೆತ್ತಿದೆ, ಅದರ ಮುಂದಿನದಕ್ಕೂ ಮೆತ್ತಿದೆ.

ಆ ಗಿಡಗಳನ್ನು ಹೆಚ್ಚಾಗಿ ಒಯ್ದವರು ಅಂಚೆಟ್ಟಿ ಕಡೆಯ ಮಾದಪ್ಪ ಎಂಬ ರೈತರು. ಗುಡ್ಡದ ಇಳಿಜಾರಿನಲ್ಲಿ ನೆಟ್ಟು, ಬೇಲಿ ಕಟ್ಟಿ, ಮಕ್ಕಳ ಹಾಗೆ ಸಾಕಿದ್ದರಂತೆ. ಏಳೆಂಟು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಹೆಗಲ ಮೇಲೆ ಗೋಣಿಚೀಲ ಹೊತ್ತು ಮನೆಗೆ ಬಂದರು. ಅವರ ಊರಿಗೆ ಬಸ್ಸಿಲ್ಲ. ಬೆಳಗಿನ ಜಾವ ನಡೆಯಲು ಶುರು ಮಾಡಿ, ಬಸ್ಸು ಸಿಗುವ ಕಡೆ ಹತ್ತಿ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಚೀಲದಿಂದ ಜಗಲಿ ಮೇಲೆ ಉರುಳಿಸಿದ್ದು ಒಂದು ಮಾವಿನ ಬುಡ, ಬೇರಿನ ಸಮೇತ.

"ಜಗಳಕ್ಕೆ ಬಂದಿಲ್ಲ ಕಣಣ್ಣ" ಅಂದರು. "ಕಾಯಿ ತುಂಬ್ಕಂಡು ನಿಂತಿದ್ವು. ಮೊನ್ನೆ ಗಾಳಿಗೆ ಅನ್ನೊಂದು ಮರ ಮಕಾಡೆ ಬಿದ್ಬುಟ್ವು. ನಿನ್ನ ಗಿಡ ಇಂಗ್ಯಾಕಾಯ್ತು ಅಂತ ಕೇಳಾನ ಅಂತ ಬಂದೆ."

ಮಾವ ನೆಲದ ಮೇಲೆ ಕೂತು ಬೇರು ಮುಟ್ಟಿ ನೋಡಿದರು. ಒಂದು ಮಗ್ಗುಲಲ್ಲಿ ಬೇರು ಕೈ ಚಾಚಿದಂತೆ ನೆಟ್ಟಗೆ ಹೊರಟಿತ್ತು. ಇನ್ನೊಂದು ಮಗ್ಗುಲಲ್ಲಿ ಒಂದರ ಮೇಲೊಂದು ಸುತ್ತಿ ಸುತ್ತಿ, ನಾನು ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬೆಯ ಹಾಗಿತ್ತು. ನನಗೆ ನೋಡಿದ ಕೂಡಲೇ ತಿಳಿಯಿತು. ಕೈಯಲ್ಲಿ ಮಾದಪ್ಪನವರಿಗೆ ತಂದ ಮಜ್ಜಿಗೆ ಲೋಟ. ಅದನ್ನು ಅವರಿಗೆ ಕೊಡದೆ ಜಗಲಿ ಮೇಲೆ ಇಟ್ಟೆ.

"ಒಂದ್ಕಡೆ ಮಾತ್ರ ಯಾಕೆ?" ಅಂದರು ಮಾವ. "ತೂತು ಸುತ್ತಾನೂ ಇತ್ತಲ್ಲ?"

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಬಂದದ್ದು "ಊಟ ಮಾಡ್ಕಂಡು ಹೋಗಿ" ಅನ್ನುವ ಮಾತು. ಮಾದಪ್ಪ ಊಟ ಮಾಡಿ, ಇನ್ನೇನು ನೆಡಲಿ ಅಂತ ಕೇಳಿದರು. ಮಾವ, "ನನ್ನತ್ರ ಮಾತ್ರ ತಗೋಬ್ಯಾಡ" ಅಂದುಬಿಟ್ಟರು. ಆ ವಾರವೇ ಚಿನ್ನಪ್ಪನಿಗೆ ಆ ಕುಂಡ ಇನ್ನು ಬೇಡ ಅಂತ ಹೇಳಿ ಬಂದರು. ತಾಯಿಮರಕ್ಕೆ ಕಟ್ಟಿದ್ದ ಕಸಿಗಳನ್ನು ಬಿಚ್ಚಿದರು. ಮುಂದೆ ಯಾವತ್ತೂ ಕಸಿ ಕಟ್ಟಲಿಲ್ಲ. ಉಳಿದ ಕುಂಡಗಳಲ್ಲಿ ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಆ ಬುಡವನ್ನು ಮಾತ್ರ ಬಿಸಾಡಗೊಡಲಿಲ್ಲ. ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡು ದಿನಾ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಂದು ದಿನ, ಗೋಡೆಯ ಕಾವು ತಾಗಿತೇನೋ ಅನ್ನುವರು. ಇನ್ನೊಂದು ದಿನ, ಚಿನ್ನಪ್ಪ ಒಂದು ಕಡೆ ಹೆಚ್ಚು ಸುಟ್ಟನೇನೋ ಅನ್ನುವರು. ನಾನು ಗುಡಿಸುವಾಗ ಆ ಮೂಲೆ ಬಿಟ್ಟು ಗುಡಿಸುತ್ತಿದ್ದೆ. ಎರಡು ವರ್ಷ ಹೀಗೇ. ಕೈಗುಣ ಅನ್ನುವ ಒಂದು ಮಾತು ಕಳೆದುಕೊಳ್ಳಲು ಇಷ್ಟವಿರಲಿಲ್ಲ, ಅಷ್ಟೇ ಇರಬೇಕು. ಛೀ.

ಕೊನೆಗೆ ಮಾವ ಹಾಸಿಗೆ ಹಿಡಿದಾಗ, ಗಂಜಿ ಕುಡಿಸುತ್ತಿದ್ದ ನನ್ನ ಮುಖ ನೋಡಿ ಕೇಳಿದರು. "ನೀರಾಕ್ದೋಳು ನೀನು. ಗೋಡೆ ಕಡೀಕೆ ಏನಾರ ಕಂಡಿತ್ತೇನಮ್ಮ?"

"ಇಲ್ಲ ಮಾವ" ಅಂದೆ.

"ಓಗ್ಲಿ ಬುಡು. ನಿನ್ನ ಕೈಗುಣ ಇಲ್ದಿದ್ರೆ ಅಷ್ಟೂ ಉಳೀತಿರ್ಲಿಲ್ಲ" ಅಂದು ಕಣ್ಣು ಮುಚ್ಚಿಕೊಂಡರು. ನಾಲ್ಕನೇ ದಿನಕ್ಕೆ ಹೋಗಿಬಿಟ್ಟರು.

ಇಷ್ಟು ನೆನೆಯುತ್ತ ಎಷ್ಟು ಹೊತ್ತು ಕೂತಿದ್ದೆನೋ. ಹೊರಗೆ ಅಂಟಿಸುವ ಟೇಪನ್ನು ಪರ್ರನೆ ಹರಿಯುವ ಸದ್ದು ಕೇಳಿ ಎದ್ದು ಬಂದೆ. ಸುಮ ಗೋಡೆ ಬದಿಯಲ್ಲಿಟ್ಟ ಕುಂಡದ ಮುಂದೆ ಕೂತು, ಒಂದೆರಡು ತೂತಿಗೆ ಆಗಲೇ ಟೇಪು ಅಂಟಿಸಿದ್ದಳು. "ದಿನಾ ಯಾರು ಒರೆಸ್ತಾರೆ ಅತ್ತೆ? ಗೋಡೆ ಕಡೆ ತೂತಿಗೆಲ್ಲ ಟೇಪ್ ಹಾಕ್ಬುಡ್ತೀನಿ, ಯಾರಿಗೂ ಕಾಣಲ್ಲ" ಅಂದಳು.

ಅವಳ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತೆ. ಜೇಡಿಮಣ್ಣು, ಮಾದಪ್ಪನವರ ಗೋಣಿಚೀಲ, ಜಗಲಿ ಮೂಲೆಯ ಬುಡ, ಒಂದೂ ಬಿಡದೆ ಹೇಳಿದೆ. ಅವಳು ಟೇಪು ಕೈಯಲ್ಲೇ ಹಿಡಿದು ಕೇಳಿದಳು.

ಆಮೇಲೆ ಮೆಲ್ಲಗೆ, "ಹೇಳಿದ್ರೆ ತಾತ ಬೈತಿದ್ರಾ ಅತ್ತೆ?" ಅಂದಳು.

"ಇಲ್ಲ ಕಣೆ" ಅಂದೆ. "ಒಂದು ಮಾತೂ ಬೈತಿರ್ಲಿಲ್ಲ. ಕುಂಡದ್ದು ತಪ್ಪಲ್ಲ ಅಂತ ಗೊತ್ತಾಗಿದ್ರೆ, ಮತ್ತೆ ಕುಂಡ ಮಾಡ್ಸೋಕೆ ಚಪ್ಪಲೀನೂ ಮೆಟ್ಟದೆ ಚಿನ್ನಪ್ಪನ ಹತ್ರ ಓಡೋರು."

ಅದನ್ನು ಬಾಯಿ ಬಿಟ್ಟು ಹೇಳಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಸುಮ ಅಂಟಿಸಿದ್ದ ಟೇಪನ್ನೆಲ್ಲ ಕಿತ್ತಳು. ಇಬ್ಬರೂ ಸೇರಿ ಕುಂಡವನ್ನು ಗೋಡೆಯಿಂದ ಈಚೆಗೆ ಎಳೆದು, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ವರಾಂಡದ ನಡುವೆ ಇಟ್ಟೆವು. ಓಡಾಡಲು ಅಡ್ಡವಾಗುತ್ತದೆ, ಆಗಲಿ. ದಿನಕ್ಕೆ ಎರಡು ಸಲ ನೀರು ನಾನೇ ಹಾಕುತ್ತೇನೆ, ನೆಲವನ್ನೂ ನಾನೇ ಒರೆಸುತ್ತೇನೆ.