ಕೋರಾ ಕಾರ್ಡು ಬಿದ್ದ ಮಧ್ಯಾಹ್ನ

ದೆವ್ವ, ಭಾನಾಮತಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಹೆದರುತ್ತಿದ್ದೆ, ಅದು ಬೇರೆ ಮಾತು. ಹಾಲು ಉಕ್ಕೀತೆಂದೂ ಹೆದರುತ್ತೇನೆ, ಬಸ್ಸು ಬೇಗ ಬಂದುಬಿಟ್ಟೀತೆಂದೂ ಹೆದರುತ್ತೇನೆ. ಹೆದರಿಕೆಗೆ ನಂಬಿಕೆ ಬೇಕಂತೇನಿಲ್ಲ. ಯಾರಾದರೂ ವಿಚಿತ್ರ ಸಂಗತಿ ಹೇಳಿದರೆ ಕೊನೆಯವರೆಗೂ ಕೇಳಿ, ಎಲ್ಲೋ ಲೆಕ್ಕ ತಪ್ಪಿರಬೇಕು ಎಂದು ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ಬೇಜಾರಿಲ್ಲ.

ಐವತ್ತರ ದಶಕದ ಕೊನೆ. ಗೋಕಾಕದ ಒಂದು ಆರೋಗ್ಯ ಸಂಶೋಧನಾ ಕಚೇರಿಯಲ್ಲಿ ನನಗೆ ಕೆಲಸ. ಮನೆಮನೆಯ ಮಾಹಿತಿ ಕೂಡಿಸಿದರೆ ಯಾವ ರೋಗ ಯಾವ ದಾರಿಯಿಂದ ಬಂದು ಯಾರನ್ನು ಹಿಡಿಯುತ್ತದೆಂದು ಮೊದಲೇ ಹೇಳಬಹುದು ಎನ್ನುವುದು ನಮ್ಮ ದೊಡ್ಡ ಡಾಕ್ಟರ ನಂಬಿಕೆ. ಅದಕ್ಕಾಗಿ ಮುಂಬಯಿಯಿಂದ ಒಂದು ಹೊಸ ಪದ್ಧತಿ ತಂದಿದ್ದರು. ಒಬ್ಬೊಬ್ಬರಿಗೆ ಒಂದು ದಪ್ಪ ಕಾರ್ಡು. ಅದರ ಅಂಚಿನುದ್ದಕ್ಕೂ ತೂತುಗಳು. ಒಂದೊಂದು ತೂತಿಗೆ ಒಂದೊಂದು ಪ್ರಶ್ನೆ. ಉತ್ತರ ಹೌದಾದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯಬೇಕು. ಆಮೇಲೆ ಊರಿನ ಕಾರ್ಡುಗಳನ್ನೆಲ್ಲ ಒಟ್ಟಿಗೆ ಹಿಡಿದು, ಬೇಕಾದ ತೂತಿನಲ್ಲಿ ಸ್ವೆಟರ್ ಹೆಣೆಯುವಂಥ ಉದ್ದ ಸೂಜಿ ತೂರಿಸಿ ಅಲುಗಾಡಿಸಿದರೆ ಬಾಯಿ ತೆರೆದವು ಉದುರುತ್ತವೆ, ಉಳಿದವು ಸೂಜಿಗೇ ಜೋತುಬೀಳುತ್ತವೆ. ಮುಂದೆ ಹುಟ್ಟುವ ಮಗುವಿಗೆಂದು ಪ್ರತಿ ಮನೆಯ ಕಾರ್ಡುಗಳ ಜೊತೆ ಒಂದು ಕೋರಾ, ಅಂದರೆ ಖಾಲಿ, ಕಾರ್ಡನ್ನೂ ಸೇರಿಸಿಡುತ್ತಿದ್ದೆವು. ಅದರ ಮೇಲೆ ಮನೆಯ ನಂಬರು ಮಾತ್ರ.

ಹತ್ತರಗಿಯಲ್ಲಿ ಸಿಡುಬು ಎಂದು ಸುದ್ದಿ ಬಂತು. ಸಿಡುಬಿಗೆ ನಮ್ಮ ಕಡೆ ದೇವಿ ಅನ್ನುತ್ತಾರೆ; ಅದರ ಲಸಿಕೆ ಹಾಕುವುದಕ್ಕೂ ‘ದೇವಿ ಹಾಕೋದು’ ಎಂದೇ ಹೆಸರು. ಸುತ್ತಿನ ಊರುಗಳಲ್ಲಿ ಹಾಕಿಸಿಕೊಳ್ಳದವರನ್ನು ಬೇಗ ಹುಡುಕಿ ತೆಗೆಯಿರಿ ಎಂದರು ಡಾಕ್ಟರು. ಊಟ ಮುಗಿಸಿ ಮಸಗುಪ್ಪಿ ಎಂಬ ಊರಿನ ಕಾರ್ಡುಗಳ ಕಟ್ಟು ಎತ್ತಿಕೊಂಡೆ. ‘ದೇವಿ ಹಾಕಿಸಿಲ್ಲ’ ಎಂಬ ತೂತಿನಲ್ಲಿ ಸೂಜಿ ತೂರಿಸಿ ಅಲುಗಾಡಿಸಿದಾಗ ಕೆಲವು ಕಾರ್ಡು ಬಿದ್ದವು. ಅವುಗಳೊಳಗೆ ಒಂದು ಕೋರಾ ಕಾರ್ಡು.

ಅದರ ಯಾವ ತೂತಿಗೂ ಕತ್ತರಿ ತಾಗಿರಲಿಲ್ಲ. ಕೈಯಲ್ಲಿದ್ದ ಬಳೆ ಒಡೆಯದೆ, ಜಾರದೆ ನೆಲಕ್ಕೆ ಬಿದ್ದ ಹಾಗಾಯಿತು. ಸೂಜಿಯ ತುದಿಯಿಂದ ಜಾರಿರಬೇಕು ಅಂದುಕೊಂಡೆ. ಲಸಿಕೆ ಹಾಕುವ ಕಾಂಬಳೆ ಎದುರಿಗೇ ಕೂತು ಎಲೆಯಡಿಕೆ ಜಗಿಯುತ್ತಿದ್ದರು. ಸೂಜಿಯ ಇನ್ನೊಂದು ತುದಿ ಹಿಡಿಯಲು ಅವರಿಗೆ ಹೇಳಿದೆ. ಎರಡೂ ತುದಿ ಕೈಯಲ್ಲಿದ್ದಾಗಲೂ ಅದೊಂದು ಮತ್ತೆ ಬಿತ್ತು. ಬೇರೆ ಮನೆಗಳ ಕೋರಾ ಕಾರ್ಡುಗಳು ಅಲುಗಲಿಲ್ಲ. ಡಾಕ್ಟರು ಬಂದು ಭೂತಗನ್ನಡಿ ಹಿಡಿದು ನೋಡಿ, ಹವೆಗೆ ಕಾಗದ ಸೊರಗಿರಬೇಕು ಎಂದು ಹೋದರು. ಕಾಗದ ಸೊರಗಿರಲಿಲ್ಲ, ಸೊರಗಿದ್ದು ನಾನು.

ಮರುದಿನ ಬೆಳಿಗ್ಗೆ ಕಾಂಬಳೆಯವರನ್ನು ಕರೆದುಕೊಂಡು ಮಸಗುಪ್ಪಿಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕಾಡಿದರು.

“ನೀವು ಕಾರ್ಡಿನ ಮಾತು ಕೇಳಿ ಹೊಂಟೀರಿ, ನಾ ನಿಮ್ಮ ಮಾತು ಕೇಳಿ ಹೊಂಟೇನಿ. ಇಬ್ಬರಾಗ ದೊಡ್ಡ ಹುಚ್ಚ ಯಾರ್ರಿ?”

ಆ ನಂಬರಿನ ಮನೆಯಲ್ಲಿ ನೀಲವ್ವ ಎಂಬ ಮುದುಕಿ, ಅವಳ ಮಗ, ಸೊಸೆ. ಮೂವರಿಗೂ ದೇವಿ ಹಾಕಿದ್ದಾಗಿತ್ತು. ಮನೆಯಲ್ಲಿ ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಮುದುಕಿ ಇಲ್ಲವೆಂದಳು. ಕಾಂಬಳೆ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಎದ್ದವನು, ಹತ್ತರಗಿಯವರೆಗೆ ರೋಗ ಬಂದಿದೆ, ಹುಷಾರಾಗಿರಿ ಎಂದಷ್ಟೇ ಹೇಳಿದೆ. ಬಾಗಿಲಿಗೆ ಆತು ನಿಂತಿದ್ದ ಸೊಸೆ ಒಳಗೆ ಹೋದಳು. ಕಾಳಿನ ಚೀಲಗಳ ಹಿಂದಿನಿಂದ ಒಂದು ಹೆಣ್ಣುಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು ಅತ್ತೆಯ ಮುಖ ನೋಡದೆ ಅಂದಳು:

“ಇದಕ್ಕ ಹಾಕ್ರಿ, ಅಣ್ಣಾರ.”

ಮುದುಕಿ ಗೋಡೆ ಹಿಡಿದು ಕೂತುಬಿಟ್ಟಳು. ಮೊದಲು ಎರಡು ಮೊಮ್ಮಕ್ಕಳಿದ್ದವಂತೆ. ಜನಗಣತಿಯವರು ಬಂದು ಎಣಿಸಿ ಬರೆದುಕೊಂಡು ಹೋದ ವರ್ಷವೇ ಎರಡೂ ತೀರಿಕೊಂಡವಂತೆ. ಎಣಿಸಿದ ಕೂಸು ಉಳಿಯುವುದಿಲ್ಲ ಎಂದು ಇದನ್ನು ಎಲ್ಲರ ಲೆಕ್ಕದಿಂದಲೂ ಬಚ್ಚಿಟ್ಟಿದ್ದಳು. ನಮ್ಮವರು ಬರೆಯಲು ಬಂದಾಗಲೂ ಕೂಸು ಚೀಲಗಳ ಹಿಂದೆಯೇ ಇತ್ತು.

“ಯಾರು ಹೇಳಿದ್ರಿ ನಿಮಗ?” ಎಂದು ಮುದುಕಿ ಕೇಳಿದಳು. ಕಾರ್ಡು ಬಿತ್ತು ಅಂದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ನನ್ನ ಕೈಗಳನ್ನೇ ನೋಡಿದಳು.

“ಹಾಕ್ರಿ. ಆದರ ಬರೀಬ್ಯಾಡ್ರಿ. ಇದನ್ನ ಎಣಸಬ್ಯಾಡ್ರಿ.”

ಆಗಲಿ ಆಯಿ, ಅಂದೆ. ಕಾಂಬಳೆ ಕೂಸಿನ ತೋಳಿಗೆ ದೇವಿ ಹಾಕಿದರು.

ಕೆಲವು ವಾರಗಳ ನಂತರ ಸಿಡುಬು ಆ ಓಣಿಗೂ ಬಂತು. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಹೋದ. ಕೂಸು ಉಳಿಯಿತು. ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಲಸಿಕೆಯಿಂದ ಉಳಿಯಿತು ಎಂದರು, ಅದು ಖರೆ. ಕಾರ್ಡು ಯಾಕೆ ಬಿತ್ತು ಎಂದು ಕೇಳಿದ್ದಕ್ಕೆ, ಮೊದಲು ಕೂಸನ್ನು ಅದರ ಮೇಲೆ ಬರೆಯಿರಿ, ಸಂಶೋಧನೆಗೆ ಒಂದು ತಲೆಯೂ ಕಡಿಮೆಯಾಗಬಾರದು ಎಂದರು.

ಪೆನ್ನು ತೆರೆದು ಕೂತೆ. ಎಣಿಸಿದ್ದರಿಂದ ಯಾರೂ ಸಾಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಕೆಲಸವೇ ಅದು: ಎಣಿಸಿದರೆ ಉಳಿಸಬಹುದು ಎನ್ನುವುದು. ಆದರೆ ಕತ್ತರಿ ತಾಗದ ಕಾರ್ಡು ಬೀಳುವುದಿಲ್ಲವೆಂದೂ ನನಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಪೆನ್ನು ಮುಚ್ಚಿದೆ. ವರದಿ ಅಚ್ಚಾದಾಗ ಮಸಗುಪ್ಪಿಯ ಲೆಕ್ಕದಲ್ಲಿ ಒಬ್ಬಳು ಕಡಿಮೆ ಇದ್ದಳು. ಅವಳೀಗ ಎರಡು ಮಕ್ಕಳ ತಾಯಿ ಎಂದು ಕೇಳಿದ್ದೇನೆ. ಆ ಮಕ್ಕಳನ್ನು ಯಾರಾದರೂ ಬರೆದುಕೊಂಡಿದ್ದಾರೋ ಇಲ್ಲವೋ, ಕೇಳುವ ಧೈರ್ಯ ನನಗಾಗಿಲ್ಲ.