ಸೊಪ್ಪಿನ ಕತ್ತಿಗೆ ಒಂದು ಬೆರಳು

ನಮ್ಮ ಮನೆಯಲ್ಲಿ ಮಸೆಯುವ ಕೆಲಸ ಹೆಂಗಸರದು. ಗಂಡಸರು ಮಚ್ಚು ಒಯ್ಯುತ್ತಿದ್ದರು, ಮೊಂಡು ಮಾಡಿ ತಂದು ಬಿಸಾಡುತ್ತಿದ್ದರು. ಅತ್ತೆಯ ಕಣ್ಣು ಮಂಜಾದ ಮೇಲೆ ಮಸೆಗಲ್ಲು ನನ್ನ ಪಾಲಿಗೆ ಬಂತು.

ಅತ್ತೆಯ ಲೆಕ್ಕ ಬೆರಳಿನದು. ಕತ್ತಿಯ ಬಾಯಿ ಕಲ್ಲಿಗೆ ತಾಗಿರಬೇಕು, ಬೆನ್ನು ಎತ್ತಿರಬೇಕು. ಕಡ್ಡಿ ಕಡಿಯುವ ಮಚ್ಚಾದರೆ ಬೆನ್ನಿನ ಕೆಳಗೆ ಎರಡು ಬೆರಳು ತೂರಬೇಕು. ಮಲಗಿಸಿ ಮಸೆದರೆ ಬಾಯಿ ತೆಳುವಾಗಿ, ಗಂಟು ಸಿಕ್ಕಿದಾಗ ಮುರಿಯುತ್ತದೆ. ಸೊಪ್ಪು ಹೆಚ್ಚುವ ಕತ್ತಿಗೆ ಒಂದೇ ಬೆರಳು.

ಹನೂರಿನ ಆಚೆ ನಮ್ಮೂರು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಮನೆಮನೆಯಲ್ಲೂ ರೇಷ್ಮೆ ಹುಳು. ಮೊಟ್ಟೆಯಿಂದ ಬಂದ ಹುಳು ಇರುವೆಗಿಂತ ಸಣ್ಣದು. ಹಿಪ್ಪುನೇರಳೆ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚಿ ದಿನಕ್ಕೆ ಐದು ಸಲ ಹಾಕಬೇಕು.

ಮಸೆಗಲ್ಲು ನನಗೆ ಬಂದ ವರ್ಷವೇ ಹೆಚ್ಚಿದ ಸೊಪ್ಪಿನ ಅಂಚು ಕಪ್ಪಾಗತೊಡಗಿತು. ಹುಳು ತಿನ್ನದೆ ತಟ್ಟೆಯ ಅಂಚಿಗೆ ಹರಿದವು.

“ಮೈಲಿಗೇಲಿ ಒಳೀಕ್ ಬಂದ್ಯಾ? ನಿಜ ಯೋಳಮ್ಮಿ” ಅಂದರು ಅತ್ತೆ.

“ಇಲ್ಲ ಕಣತ್ತೆ. ನೀರ್ ಉಯ್ಕಂಡೇ ಬಂದಿವ್ನಿ.”

“ಉಳ ಸುಳ್ಳು ಯೋಳಕಿಲ್ಲ. ನಡಿ ಆಚೆಗೆ.”

ಹುಳು ಕೆಡಿಸಿದ ಕೈ ಎಂದು ಹೆಸರು ಬಂದರೆ ಊರಿನ ಯಾರೂ ಆ ಹೆಂಗಸನ್ನು ಹುಳುವಿನ ಕೋಣೆಯ ಹೊಸಿಲು ದಾಟಿಸುತ್ತಿರಲಿಲ್ಲ. ಸಾಯುವ ತನಕ ಅದೇ ಹೆಸರು.

ಆ ಬೆಳಿಗ್ಗೆ ಅತ್ತೆ ತಡವಿಕೊಂಡು ತಾವೇ ಸೊಪ್ಪು ಹೆಚ್ಚಿದರು. ಮಧ್ಯಾಹ್ನಕ್ಕೆ ಅದೂ ಕಪ್ಪಾಯಿತು. ನಾನು ಕತ್ತಿ ಈಚೆ ತಂದು ಬಿಸಿಲಿಗೆ ಹಿಡಿದೆ.

ಅತ್ತೆ ಮದುವೆಯಾಗಿ ಬಂದಾಗ ಯಳಂದೂರಿನಿಂದ ತಂದ ಕತ್ತಿ ಅದು. ಆಗ ನಾಲ್ಕು ಬೆರಳು ಅಗಲವಂತೆ. ಮಸೆದು ಮಸೆದು ಎರಡು ಬೆರಳೂ ಉಳಿದಿರಲಿಲ್ಲ. ಅಗಲ ಕತ್ತಿಯ ಬೆನ್ನಿಗೆ ಒಂದು ಬೆರಳು ಕೊಟ್ಟರೆ ಅದು ಕಲ್ಲಿನ ಮೇಲೆ ಮಲಗಿದ ಹಾಗೆ. ಸವೆದ ಕತ್ತಿಗೆ ಅದೇ ಬೆರಳು ಕೊಟ್ಟರೆ ಎದ್ದು ನಿಂತ ಹಾಗೆ. ನಾನು ಸೊಪ್ಪಿನ ಕತ್ತಿಗೆ ಮಚ್ಚಿನ ಬಾಯಿ ಕೊಟ್ಟಿದ್ದೆ. ಅದು ಹೆಚ್ಚುತ್ತಿರಲಿಲ್ಲ, ಜಜ್ಜುತ್ತಿತ್ತು; ಜಜ್ಜಿದ ಅಂಚು ಕಪ್ಪಾಗುತ್ತಿತ್ತು. ಕತ್ತಿ ಸವೆದಂತೆಲ್ಲ ಅತ್ತೆಯ ಕೈ ತಾನಾಗಿ ತಗ್ಗಿತ್ತು; ಅವರ ಬಾಯಿ ಮಾತ್ರ ಒಂದು ಬೆರಳು ಅನ್ನುತ್ತಲೇ ಇತ್ತು.

ಬೆನ್ನಿನ ಕೆಳಗೆ ಬೆರಳಿನ ಬದಲು ತೆಳ್ಳನೆಯ ರಾಗಿ ಕಡ್ಡಿ ಇಟ್ಟು ಅಳೆದೆ. ಬಾಯಿಯ ದಪ್ಪ ಇಳಿಸುವಷ್ಟರಲ್ಲಿ ಹೊತ್ತು ವಾಲಿತು, ರಟ್ಟೆ ಬಿದ್ದುಹೋಯಿತು. ಒಂದು ಹಿಡಿ ಸೊಪ್ಪು ಹೆಚ್ಚಿ ಒದ್ದೆ ಬಟ್ಟೆಯಲ್ಲಿಟ್ಟೆ. ದೀಪ ಹಚ್ಚುವ ಹೊತ್ತಿಗೂ ಹಸಿರಾಗಿತ್ತು. ಬಾಗಿಲಲ್ಲೇ ನಿಂತು ಅತ್ತೆಯ ಕೈಗೆ ಹಾಕಿದೆ. ಮೂಸಿ, ತಿಕ್ಕಿ ನೋಡಿದರು.

“ಬೆರಳು ಅದೇಯ ಕಣತ್ತೆ, ಕತ್ತಿ ಸಣ್ಣಗಾಗ್ಬುಟ್ಟದೆ.”

“ಅಂಗಾರೆ ನಂದೇ ತಪ್ಪು ಅನ್ನು.”

“ನಾನೆಲ್ಲಿ ಅಂದೆ?”

“ದನೀಲೇ ಅದೆ. ಬಾ ಒಳೀಕೆ, ಬಾಗ್ಲಲ್ಲಿ ನಿಂತ್ಕಂಡು ಗಾಳಿ ಬುಡ್ಬೇಡ.”

ಅರ್ಧ ಹುಳು ಸತ್ತವು, ಅರ್ಧ ಉಳಿದವು. ಬಾವಿಯ ಹತ್ತಿರ ಅತ್ತೆ ನಾಲ್ಕು ಹೆಂಗಸರಿಗೆ ಕೇಳುವಂತೆ, “ಕೆಟ್ಟಿದ್ದು ಕತ್ತಿ, ನಮ್ಮುಡುಗಿ ಅಲ್ಲ” ಅಂದರಂತೆ. ನನ್ನೆದುರಿಗೆ ಅದನ್ನು ಎಂದೂ ಅನ್ನಲಿಲ್ಲ.

ನನ್ನ ಹೆಸರು ಕೆಡದೆ ಉಳಿಯಿತು. ವಾರ ಕಳೆಯುವುದರೊಳಗೆ ಅರ್ಧ ಊರಿನ ಸೊಪ್ಪಿನ ಕತ್ತಿಗಳು ನಮ್ಮ ಜಗಲಿಗೆ ಬಂದು ಬಿದ್ದವು. ಒಂದರ ಅಗಲ ಇನ್ನೊಂದಕ್ಕಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕಡ್ಡಿ ಮುರಿದು ಅಳೆದು ಮಸೆಯುತ್ತಾ ಕೂತೆ.