ಎಡಗಾಲಿಗೆ ಬಿಸಿ ಬಂದ ರಾತ್ರಿ

ಇದು ನಡೆದದ್ದೇ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಮಾತ್ರ ನನ್ನ ನೆನಪನ್ನು ನಂಬಬೇಡಿ, ನಾನೂ ನಂಬುವುದಿಲ್ಲ.

ನನ್ನ ಗಂಡನ ಎಡಗಾಲಿಗೆ ರಕ್ತ ಸರಿಯಾಗಿ ಹೋಗುತ್ತಿರಲಿಲ್ಲ. ಓಣಿ ದಾಟುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಕೊನೆಗೆ ಹೆಬ್ಬೆರಳು ಕಪ್ಪಾಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೋಳಿಗೂ ಕಣಕಾಲಿಗೂ ಪಟ್ಟಿ ಕಟ್ಟಿ ಒತ್ತಡ ಅಳೆದರು. ಕಾಲಿನದು ತೋಳಿನದರ ಅರ್ಧವೂ ಇರಲಿಲ್ಲ. ತೊಡೆಸಂದಿಯಿಂದ ತಂತಿ ತೂರಿಸಿ, ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಅಗಲಿಸಿದರು.

ಆದರೂ ಪಾದ ತಣ್ಣಗೇ ಇತ್ತು...

ಸಂಜೆ ಡಾಕ್ಟರು ಪೆನ್ನಿನಂಥ ಯಂತ್ರವನ್ನು ಪಾದದ ಮೇಲಿಟ್ಟರು. ಹರಿಯುವ ರಕ್ತ ಅದರಲ್ಲಿ ಹುಶ್ ಹುಶ್ ಅನ್ನಬೇಕಂತೆ. ಬರೀ ಗರಗರ.

“ಬೆಳಿಗ್ಗಿ ತನಕ ನೋಡೂಣ್ರಿ. ಸಪ್ಪಳ ಬರಲಿಲ್ಲಂದ್ರ ಮೊಣಕಾಲ ಕೆಳಗ ತೆಗಿಬೇಕಾಗ್ತದ. ಕಾವು ಕೊಡಬ್ಯಾಡ್ರಿ, ತಿಕ್ಕಬ್ಯಾಡ್ರಿ.”

ಉಪ್ಪಿನಬೆಟಗೇರಿಯಿಂದ ಅತ್ತೆಯ ಫೋನು: “ನೀಲವ್ವ ಇದ್ದಿದ್ರ ಹಿಂಗ ಆಗಾಕ ಬಿಡ್ತಿರಲಿಲ್ಲ. ದಿನಾ ಹರಳೆಣ್ಣಿ ಹಚ್ಚಿ ತಿಕ್ಕತಿದ್ಲು ನೋಡವಾ.”

ನೀಲವ್ವ ನನ್ನ ಗಂಡನ ಮೊದಲ ಹೆಂಡತಿ. ಸತ್ತವಳು. ಅವಳ ಹೆಸರಿನ ಬೆಳ್ಳಿ ಬಿಲ್ಲೆ ನನ್ನ ಕೊರಳಲ್ಲಿತ್ತು. ಸತ್ತ ಸವತಿ ಕಾಡದಿರಲೆಂದು ಎರಡನೆಯವಳಾಗಿ ಬಂದವಳು ಕಟ್ಟಿಕೊಳ್ಳಲೇಬೇಕು.

ರಾತ್ರಿ ಹರಳೆಣ್ಣೆಯ ವಾಸನೆ ಬಂತು. ಅದು ಮೊದಲೋ, ಅವರ ಮಾತು ಮೊದಲೋ... ಎರಡೂ ಥರ ನೆನಪಿದೆ.

“ಇನ್ನೊಂಚೂರು ಮ್ಯಾಲೆ ತಿಕ್ಕ...”

“ಯಾರೂ ತಿಕ್ಕಾಕತ್ತಿಲ್ರೀ. ನಾ ಇಲ್ಲೇ ಕುಂತೇನಿ.”

“ನೀ ಅಲ್ಲ. ನಿನ್ನ ಕೈ ತಣ್ಣಗ.”

ಪಾದ ಮುಟ್ಟಿದೆ. ಬೆಚ್ಚಗಿತ್ತು! ಚರ್ಮ ಯಾರದೋ ಕೈಯ ಹೆಬ್ಬೆರಳು ಒತ್ತಿದಂತೆ ತಗ್ಗುತ್ತಿತ್ತು, ಏಳುತ್ತಿತ್ತು. ಹೆದರಿಕೆಗಿಂತ ಮೊದಲು ಹೊಟ್ಟೆಯಲ್ಲಿ ಕಿಚ್ಚು ಎದ್ದಿತು.

“ಬಿಡ ಅವರನ್ನ. ನನ್ನ ಗಂಡ ಅವರು,” ಅಂದೆ, ಖಾಲಿ ಗಾಳಿಗೆ.

ವಾಸನೆ ಹೋಯಿತು. ನನ್ನ ಅಂಗೈಯೊಳಗೇ ಆ ಪಾದ ಮತ್ತೆ ತಣ್ಣಗಾಗತೊಡಗಿತು...

ಎಷ್ಟು ಹೊತ್ತು ಹಟ ಹಿಡಿದೆನೋ. ಕೊನೆಗೆ ಬಿಲ್ಲೆ ಬಿಚ್ಚಿ ನಾನು ಕೂತಿದ್ದ ಸ್ಟೂಲಿನ ಮೇಲಿಟ್ಟೆ. “ಬಾ ಅಕ್ಕಾ. ನೀನ ಕುಂಡ್ರು.” ಹೊರಗೆ ಬಂದು ವರಾಂಡದಲ್ಲಿ ಕುಳಿತೆ. ಒಳಗೆ ಅವರು ಮೆಲ್ಲಗೆ ನಗುತ್ತಿದ್ದರು. ನನ್ನೆದುರು ಎಂದೂ ಹಾಗೆ ನಕ್ಕವರಲ್ಲ.

ಬೆಳಿಗ್ಗೆ ಯಂತ್ರ ಹುಶ್ ಹುಶ್ ಅಂದಿತು. “ರಕ್ತದ ನರ ಬಿಗಿ ಹಿಡಿದಿತ್ರಿ, ಸಡಲೇತಿ,” ಅಂದರು ಡಾಕ್ಟರು. ಇರಬಹುದು. ಕಾಲು ಉಳಿಯಿತು.

ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಸಂಜೆ ಅವರು ಎಲ್ಲೂ ನಿಲ್ಲದೆ ನಡೆಯುತ್ತಾರೆ. “ನಾನೂ ಬರ್ಲೇನ್ರಿ?” ಅಂದರೆ, “ನೀ ಯಾಕ, ಮನ್ಯಾಗ ಇರು” ಅನ್ನುತ್ತಾರೆ.

ಮಾಳಿಗೆಯ ಗಚ್ಚಿಯ ಮೇಲಿನಿಂದ ನೋಡುತ್ತೇನೆ. ಒಬ್ಬರೇ ನಡೆಯುತ್ತ ಮಾತಾಡುತ್ತಿರುತ್ತಾರೆ. ಅವರ ಫೋನು ಇಲ್ಲೇ, ನನ್ನ ಕೈಯಲ್ಲಿರುತ್ತದೆ.